ಎರಡು ಹಗ್ಗಗಳ ನಡುವೆ

ಹದಿನೆಂಟು ವರ್ಷ ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್ ಆಗಿ ಆಡಿದೆ. ಅದರಲ್ಲಿ ಮೊದಲ ಆರು ವರ್ಷ ಎಲ್ಲಿ ನಿಲ್ಲಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಹೇಳಿಕೊಡುವವರೂ ಇರಲಿಲ್ಲ. ಕೈ ಚುರುಕಾಗಿತ್ತು, ಬೀಳುವುದಕ್ಕೆ ಹೆದರಿಕೆ ಇರಲಿಲ್ಲ, ಇಷ್ಟಿದ್ದರೆ ಸಾಕು ಅಂದುಕೊಂಡಿದ್ದೆ. ಈಗ ಆಟ ನಿಲ್ಲಿಸಿದ ಮೇಲೆ, ಹೊಸದಾಗಿ ಗ್ಲೌಸ್ ತೊಡುತ್ತಿರುವ ಹುಡುಗಿಯರು ಬಂದು ‘ಅಕ್ಕ, ಒಳ್ಳೆ ಕೀಪರ್ ಆಗ್ಬೇಕಂದ್ರೆ ಏನ್ ಮಾಡ್ಬೇಕು?’ ಅಂತ ಕೇಳುತ್ತಾರೆ. ಒಂದು ಮಾತಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಹಾಗಾಗಿ ನಾನು ನಡೆದು ಬಂದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನನ್ನು ಮೊದಲ ಸಲ ಗೋಲಿನಲ್ಲಿ ನಿಲ್ಲಿಸಿದ್ದು 2007ರಲ್ಲಿ. ನನಗಾಗ 13 ವರ್ಷ. ತಂಡದ ಕೀಪರ್ ಅವತ್ತು ಬಂದಿರಲಿಲ್ಲ. ಸಾಲಾಗಿ ನಿಂತಿದ್ದ ನಮ್ಮನ್ನೆಲ್ಲ ಕೋಚ್ ಒಮ್ಮೆ ನೋಡಿ, ‘ನೀನು ಎಲ್ಲರಿಗಿಂತ ಉದ್ದ ಇದ್ದೀಯ, ಹೋಗಿ ನಿಂತ್ಕೋ’ ಅಂದರು. ಕೊಟ್ಟ ಗ್ಲೌಸ್ ಗಂಡಸರ ಅಳತೆಯದು. ತೊಟ್ಟರೆ ಪ್ರತಿ ಬೆರಳಿನ ತುದಿಯಲ್ಲೂ ಅರ್ಧ ಇಂಚು ಖಾಲಿ. ಗೋಲ್‌ಗೆರೆಯ ಮೇಲೆ ನಿಂತು ಒಮ್ಮೆ ಹಿಂದೆ ತಿರುಗಿ ನೋಡಿದೆ. ಅಗಲ 7.32 ಮೀಟರ್, ಎತ್ತರ 2.44 ಮೀಟರ್ ಅನ್ನುವ ಲೆಕ್ಕ ತಿಳಿದದ್ದು ಆಮೇಲೆ. ಅವತ್ತು ಕಂಡದ್ದು ಇಷ್ಟೇ: ಕೈ ಎತ್ತಿ ಹಾರಿದರೂ ಕ್ರಾಸ್‌ಬಾರ್ ಸಿಗುತ್ತಿಲ್ಲ, ಒಂದು ಪೋಸ್ಟ್ ಮುಟ್ಟಿಕೊಂಡು ನಿಂತರೆ ಇನ್ನೊಂದು ಪೋಸ್ಟ್ ಬೇರೆ ಯಾರದೋ ಮನೆಯ ಕಂಬದಷ್ಟು ದೂರ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಹಿಳಾ ವಿಶ್ವಕಪ್ ನಡೆಯಿತು. ಜರ್ಮನಿಯ ಗೋಲ್‌ಕೀಪರ್ ನಾಡಿನ್ ಆಂಗರರ್ ಇಡೀ ಟೂರ್ನಿಯಲ್ಲಿ, 6 ಪಂದ್ಯಗಳ 540 ನಿಮಿಷಗಳಲ್ಲಿ, ಒಂದೇ ಒಂದು ಗೋಲು ಬಿಟ್ಟುಕೊಡಲಿಲ್ಲ. ಫೈನಲ್‌ನಲ್ಲಿ ಬ್ರೆಜಿಲ್‌ನ ಮಾರ್ತಾ ಹೊಡೆದ ಪೆನಾಲ್ಟಿಯನ್ನೂ ತಡೆದರು. ಟೀವಿ ಮುಂದೆ ಕೂತಿದ್ದ ನಾನು ಆಕೆ ಗಾಳಿಯಲ್ಲಿ ಹಾರುವುದನ್ನು ನೋಡಬೇಕು ಅಂತ ಕಾಯುತ್ತಿದ್ದೆ. ಆಕೆ ಹೆಚ್ಚು ಹಾರಲೇ ಇಲ್ಲ. ಚೆಂಡು ಬಂದ ಕಡೆ ಆಗಲೇ ನಿಂತಿರುತ್ತಿದ್ದರು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ನಾನು ಆವತ್ತು ಕಣ್ಣಾರೆ ಕಂಡು ಬಿಟ್ಟುಬಿಟ್ಟದ್ದು ಏನು ಅನ್ನುವುದು ತಿಳಿಯಲು ಇನ್ನೂ ಆರು ವರ್ಷ ಬೇಕಾಯಿತು. ಅಷ್ಟರಲ್ಲಿ ಆಂಗರರ್ 2013ರ ಫಿಫಾ ವರ್ಷದ ಆಟಗಾರ್ತಿಯಾಗಿದ್ದರು. ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಆ ಪ್ರಶಸ್ತಿ ಒಬ್ಬ ಗೋಲ್‌ಕೀಪರ್‌ಗೆ ಬಂದದ್ದು ಅದೇ ಮೊದಲು.

ಆ ಆರು ವರ್ಷ ನಮ್ಮ ತಂಡದಲ್ಲಿ ಕೀಪರ್‌ಗೆ ಇದ್ದ ತರಬೇತಿ ಎಂದರೆ ಕೊನೆಯ ಇಪ್ಪತ್ತು ನಿಮಿಷ. ಎಲ್ಲರ ಅಭ್ಯಾಸ ಮುಗಿದ ಮೇಲೆ ಸ್ಟ್ರೈಕರ್‌ಗಳು ಸಾಲಾಗಿ ನಿಂತು ಚೆಂಡು ಹೊಡೆಯುತ್ತಿದ್ದರು, ನಾನು ಹಿಡಿಯಬೇಕಿತ್ತು. ಅದು ಅವರ ತರಬೇತಿಯೇ ಹೊರತು ನನ್ನದಲ್ಲ. ಒಂದು ಚೆಂಡು ತಡೆದು ಏಳುವಷ್ಟರಲ್ಲಿ ಇನ್ನೊಂದು ಬಂದಿರುತ್ತಿತ್ತು. ಹಾಗೆ ಏಳುವ ಮೊದಲೇ ಬಂದ ಚೆಂಡಿಗೆ ಹೇಗೋ ಕೈ ಚಾಚಿ, ತಪ್ಪಾಗಿ ಬೀಳುವುದನ್ನು ಸಾವಿರಾರು ಸಲ ಅಭ್ಯಾಸ ಮಾಡಿದೆ. ಎರಡೂ ಸೊಂಟದ ಮೂಳೆಯ ಮೇಲೆ ಸದಾ ನೀಲಿಗಟ್ಟಿದ ಗುರುತು. ಮೊಣಕೈ ಮೊದಲು ನೆಲಕ್ಕೆ ತಾಗಿ ಭುಜದವರೆಗೆ ಜುಮ್ಮೆನ್ನುವುದು ಮಾಮೂಲಾಗಿತ್ತು. 15ನೇ ವಯಸ್ಸಿನಲ್ಲಿ ಬಲಗೈ ಕಿರುಬೆರಳು ಕೀಲು ತಪ್ಪಿತು. ಖಾಲಿ ಉಳಿದಿದ್ದ ಗ್ಲೌಸಿನ ತುದಿಗೆ ಚೆಂಡು ಬಡಿದು ಬೆರಳನ್ನು ಹಿಂದಕ್ಕೆ ಬಗ್ಗಿಸಿತ್ತು. ಆ ಬೆರಳು ಇಂದಿಗೂ ನೆಟ್ಟಗೆ ನಿಲ್ಲುವುದಿಲ್ಲ.

19ನೇ ವಯಸ್ಸಿನಲ್ಲಿ ಹೊಸ ತಂಡಕ್ಕೆ ಸೇರಿದಾಗ ಮೊದಲ ಬಾರಿಗೆ ಕೀಪರ್‌ಗಳಿಗೆಂದೇ ಒಬ್ಬ ಕೋಚ್ ಸಿಕ್ಕರು. ಸ್ವತಃ ಕೀಪರ್ ಆಗಿದ್ದವರು. ಮೊದಲ ದಿನ ಅವರು ಚೆಂಡನ್ನೇ ಕೊಡಲಿಲ್ಲ. ‘ಮಂಡಿ ಊರಿ ಕೂತ್ಕೋ. ಪಕ್ಕಕ್ಕೆ ಬೀಳು’ ಅಂದರು. ಬಿದ್ದೆ. ‘ಮತ್ತೆ’ ಅಂದರು. ಮತ್ತೆ ಬಿದ್ದೆ. ಒಂದು ವಾರ ಮಂಡಿಯ ಮೇಲಿಂದ, ಆಮೇಲೆ ಕುಕ್ಕರುಗಾಲಿನಿಂದ, ಆಮೇಲೆ ನಿಂತು, ಕೊನೆಗೆ ಒಂದು ಹೆಜ್ಜೆ ಹಾಕಿ. ಬೀಳುವುದಕ್ಕೂ ಒಂದು ಕ್ರಮ ಇದೆ ಅಂತ ನನಗೆ ಆಗ ಗೊತ್ತಾಯಿತು: ಮೀನಖಂಡದ ಹೊರಬದಿ, ತೊಡೆಯ ಪಕ್ಕ, ಸೊಂಟದ ಪಕ್ಕ, ಪಕ್ಕೆ, ಭುಜದ ಹಿಂಬದಿ. ಒಂದಾದ ಮೇಲೊಂದು ನೆಲಕ್ಕೆ ತಾಗುತ್ತ ಹೋದರೆ ಪೆಟ್ಟು ಯಾವ ಒಂದು ಮೂಳೆಯ ಮೇಲೂ ನಿಲ್ಲುವುದಿಲ್ಲ, ಮೈಯುದ್ದಕ್ಕೂ ಹಂಚಿಹೋಗುತ್ತದೆ. ಕೆಳಗಿನ ಕೈ ಚೆಂಡಿನ ಹಿಂದೆ, ಮೇಲಿನ ಕೈ ಚೆಂಡಿನ ಮೇಲೆ, ಮತ್ತು ನೆಲವೇ ಮೂರನೇ ಕೈ. ಚೆಂಡನ್ನು ನೆಲಕ್ಕೆ ಒತ್ತಿ ಹಿಡಿದುಕೊಂಡರೆ ಅದು ಜಾರಿ ಹೋಗಲು ಜಾಗವೇ ಇರುವುದಿಲ್ಲ.

ಹೊಟ್ಟೆ ಅಡಿ ಮಾಡಿ ಬೀಳಲೇಬಾರದು ಅಂತಲೂ ಅವರೇ ಹೇಳಿದ್ದು. ಎದೆಯ ಮೇಲೆ ಬಿದ್ದಾಗ, ಹತ್ತಿರದಿಂದ ಹೊಡೆದ ಚೆಂಡು ಎದೆಗೆ ಬಡಿದಾಗ ಹೆಣ್ಣುಮಕ್ಕಳಿಗೆ ಆಗುವ ನೋವಿನ ಬಗ್ಗೆ ಅಲ್ಲಿಯವರೆಗೆ ಯಾವ ಕೋಚೂ ಒಂದು ಮಾತು ಆಡಿರಲಿಲ್ಲ. ನಾನೂ ಹೇಳಿಕೊಂಡಿರಲಿಲ್ಲ. ಆಕೆ ಮುಚ್ಚುಮರೆಯಿಲ್ಲದೆ ಕೇಳಿದರು, ಒಳ ಉಡುಪು ಹೇಗಿರಬೇಕು, ತೋಳು ಎಲ್ಲಿ ಇಟ್ಟುಕೊಂಡರೆ ಎದೆಗೆ ಕಾವಲಾಗುತ್ತದೆ ಅಂತ ತೋರಿಸಿಕೊಟ್ಟರು. ಎರಡು ತಿಂಗಳಲ್ಲಿ ಸೊಂಟದ ನೀಲಿ ಗುರುತುಗಳು ಮಾಯವಾದವು. ಆರು ವರ್ಷ ನಾನು ಸಹಿಸಿಕೊಂಡು ಬಂದ ನೋವು ಆಟದ ಭಾಗವಲ್ಲ, ಕಲಿಸದೆ ಇದ್ದುದರ ಫಲ ಅಂತ ತಿಳಿದಾಗ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಹಗ್ಗ ಬಂದದ್ದು ಮೂರನೇ ತಿಂಗಳಲ್ಲಿ.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ಎರಡೂ ಪೋಸ್ಟಿನ ಬುಡಕ್ಕೆ ಒಂದೊಂದು ಹಳದಿ ನೈಲಾನ್ ಹಗ್ಗ ಕಟ್ಟಿದ್ದರು. ಎರಡರ ತುದಿಯನ್ನೂ ಗೋಲಿನ ನೇರಕ್ಕೆ 16 ಮೀಟರ್ ದೂರದಲ್ಲಿ ಒಂದು ಗೂಟಕ್ಕೆ ಸೇರಿಸಿ ಬಿಗಿದಿದ್ದರು. ಗೂಟದ ಪಕ್ಕ ಚೆಂಡು. ‘ಈ ಎರಡು ಹಗ್ಗದ ಹೊರಗೆ ಹೋದ ಚೆಂಡು ನಿನಗೆ ಸಂಬಂಧ ಇಲ್ಲ. ಅದು ಗೋಲಿಗೆ ಬರಲ್ಲ. ಒಳಗೆ ಬರೋದು ಮಾತ್ರ ನಿಂದು. ಈಗ ಗೆರೆ ಮೇಲೆ ನಿಂತು ಕೈ ಚಾಚು’ ಅಂದರು. ಚಾಚಿದೆ. ಎರಡು ಪಕ್ಕಕ್ಕೂ ಮೈದಾನದಷ್ಟು ಖಾಲಿ. ‘ಅರ್ಧ ದಾರಿ ಮುಂದೆ ಬಾ.’ ಬಂದೆ. ಗೆರೆಯ ಮೇಲೆ 7.32 ಮೀಟರ್ ಇದ್ದ ಅಗಲ ಅಲ್ಲಿ ಸರಿಯಾಗಿ ಅರ್ಧ, 3.66 ಮೀಟರ್. ಇನ್ನೊಂದು ನಾಲ್ಕೈದು ಹೆಜ್ಜೆ ಮುಂದಿಟ್ಟು ಕೈ ಚಾಚಿದರೆ ಎರಡೂ ಕೈಯ ಬೆರಳ ತುದಿಗೆ ಎರಡೂ ಹಗ್ಗ ತಾಗಿದವು. ನಾನು ಹಾರಿಲ್ಲ, ಬಿದ್ದಿಲ್ಲ, ಸುಮ್ಮನೆ ನಿಂತಿದ್ದೇನೆ. ಇಡೀ ಗೋಲು ಮುಚ್ಚಿಹೋಗಿದೆ.

ಆಮೇಲೆ ಗೂಟ ಕಿತ್ತು ಎಡಗಡೆಗೆ, ಕಾರ್ನರ್ ಬದಿಗೆ ನೆಟ್ಟರು. ‘ಈಗ ಎಲ್ಲಿ ನಿಲ್ತೀಯ?’ ಚೆಂಡಿನಿಂದ ಗೋಲಿನ ಮಧ್ಯಕ್ಕೆ ಮನಸ್ಸಿನಲ್ಲೇ ಒಂದು ಗೆರೆ ಎಳೆದು ಅದರ ಮೇಲೆ ನಿಂತೆ. ಅದೇ ಸರಿ ಅಂತ ನನಗೆ ಅನುಮಾನವೇ ಇರಲಿಲ್ಲ. ‘ಕೈ ಚಾಚು’ ಅಂದರು. ದೂರದ ಪೋಸ್ಟಿನ ಹಗ್ಗ ಕೈಗೆ ಸಿಕ್ಕಿತು, ಹತ್ತಿರದ ಪೋಸ್ಟಿನ ಹಗ್ಗ ಸಿಗಲಿಲ್ಲ. ನಾನು ಬೆಪ್ಪಾಗಿ ನೋಡುತ್ತ ನಿಂತೆ. ಗೋಲಿನ ಮಧ್ಯ ಬೇರೆ, ಚೆಂಡಿನಿಂದ ಹೊರಟ ಎರಡು ಹಗ್ಗಗಳ ನಡುವಿನ ಕೋನದ ಮಧ್ಯ ಬೇರೆ. ಚೆಂಡು ಪಕ್ಕಕ್ಕೆ ಹೋದಷ್ಟೂ ಕೀಪರ್ ಹತ್ತಿರದ ಪೋಸ್ಟಿನ ಕಡೆಗೆ ಸರಿಯಬೇಕು. ಅಲ್ಲಿಯವರೆಗೆ ಹತ್ತಿರದ ಪೋಸ್ಟಿನ ಪಕ್ಕದಿಂದ ನನ್ನ ಮೇಲೆ ಆಗಿದ್ದ ಗೋಲುಗಳೆಲ್ಲ ಒಂದೊಂದಾಗಿ ನೆನಪಾದವು. ಪ್ರತಿ ಸಲವೂ ‘ಕೈ ನಿಧಾನ ಆಯ್ತು’ ಅಂತ ಬೈಸಿಕೊಂಡಿದ್ದೆ. ಕೈಯದ್ದು ತಪ್ಪೇ ಇರಲಿಲ್ಲ.

ಅವತ್ತು ಸಂಜೆ ಒಂದು ನೋಟ್‌ಬುಕ್ ಶುರು ಮಾಡಿದೆ. ಒಂದು ಗೋಲು ಬಿಟ್ಟುಕೊಟ್ಟರೆ ಒಂದು ಪುಟ. ಚೆಂಡು ಎಲ್ಲಿಂದ ಹೊರಟಿತು ಅಲ್ಲಿ ಒಂದು ಸೊನ್ನೆ, ನಾನು ಎಲ್ಲಿದ್ದೆ ಅಲ್ಲಿ ಒಂದು ಅಡ್ಡಗುರುತು, ಎರಡು ಪೋಸ್ಟಿಗೆ ಎರಡು ಗೆರೆ. ಅದರ ಕೆಳಗೆ ಒಂದೇ ಪ್ರಶ್ನೆ: ಹೊಡೆಯುವ ಕ್ಷಣದಲ್ಲಿ ನಾನು ನಿಂತಿದ್ದೆನೋ, ಓಡುತ್ತಿದ್ದೆನೋ? ಎದುರಾಳಿಯ ಕಾಲು ಚೆಂಡಿಗೆ ತಾಗುವ ಹೊತ್ತಿಗೆ ಕೀಪರ್ ಪಾದದ ಮುಂಭಾಗದ ಮೇಲೆ ಭಾರ ಹಾಕಿ ಅಲುಗಾಡದೆ ನಿಂತಿರಬೇಕು. ಸರಿಯಾದ ಜಾಗ ಎರಡು ಹೆಜ್ಜೆ ದೂರ ಇದ್ದರೂ ಪರವಾಗಿಲ್ಲ, ಆಗ ಮಾತ್ರ ಓಡುತ್ತಿರಬಾರದು. ಎಡಕ್ಕೆ ಓಡುತ್ತಿರುವ ಮೈಯನ್ನು ಬಲಕ್ಕೆ ತಿರುಗಿಸುವಷ್ಟು ಹೊತ್ತು ಚೆಂಡು ಕಾಯುವುದಿಲ್ಲ. ಕೊನೆಯವರೆಗೆ ಮೂರು ನೋಟ್‌ಬುಕ್ ತುಂಬಿದವು. ಕೈ ಸೋತು ಆದ ಗೋಲಿನ ಪುಟಗಳು ಅವುಗಳಲ್ಲಿ ಕಡಿಮೆ. ಕಾಲು ತಪ್ಪಿದ ಪುಟಗಳೇ ಹೆಚ್ಚು.

ಹೆಣ್ಣುಮಕ್ಕಳ ಆಟಕ್ಕೆ ಗೋಲನ್ನು ಚಿಕ್ಕದು ಮಾಡಬೇಕು ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಗಂಡಸರಿಗಿಂತ ನಮ್ಮ ಸರಾಸರಿ ಎತ್ತರ ಕಡಿಮೆ, ಗೋಲು ಮಾತ್ರ ಅಷ್ಟೇ ದೊಡ್ಡದು, ಇದು ನಿಜ. ಕ್ರಾಸ್‌ಬಾರಿನ ಕೆಳಗೆ ನುಗ್ಗುವ ಚೆಂಡಿಗೆ ನನ್ನ ಕೈ ಎಷ್ಟೋ ಸಲ ಸಾಲಲಿಲ್ಲ. ಆದರೂ ಗೋಲು ಚಿಕ್ಕದು ಮಾಡುವುದನ್ನು ನಾನು ಒಪ್ಪುವುದಿಲ್ಲ. ಎಂಟು ಹತ್ತು ವರ್ಷದಿಂದಲೇ ಕೀಪಿಂಗ್ ಕೋಚ್ ಕೈಯಲ್ಲಿ ಬೆಳೆದ ಹುಡುಗರನ್ನೂ, ಆ ಕಲಿಕೆ 19ಕ್ಕೆ ಸಿಕ್ಕ ನನ್ನಂಥವರನ್ನೂ ಪಕ್ಕ ಪಕ್ಕ ನಿಲ್ಲಿಸಿ ಅಳೆದು, ಕೊರತೆ ಮೂಳೆಯಲ್ಲಿದೆ ಅನ್ನುವುದು ಅನ್ಯಾಯ. ಮೊದಲು ಎಲ್ಲ ಹುಡುಗಿಯರಿಗೂ ಆ ಹಗ್ಗ ಕಟ್ಟಿ ತೋರಿಸಲಿ. ಗೋಲಿನ ಅಳತೆಯ ಮಾತು ಆಮೇಲೆ.

ನಿಲ್ಲುವುದು ಕಲಿತ ಮೇಲೆ ಕಷ್ಟವಾದದ್ದು ಕೂಗುವುದು. ಪಕ್ಕದಿಂದ ಗೋಲಿನ ಮುಂದಕ್ಕೆ ಎತ್ತಿ ಹೊಡೆದ ಚೆಂಡಿಗೆ, ಅಂದರೆ ಕ್ರಾಸ್‌ಗೆ, ಕೀಪರ್ ಹೊರಬರುವುದಾದರೆ ‘ಕೀಪರ್!’ ಅಂತ ಕೂಗಲೇಬೇಕು. ಇಲ್ಲದಿದ್ದರೆ ನಮ್ಮ ಡಿಫೆಂಡರೇ ಬಂದು ಡಿಕ್ಕಿ ಹೊಡೆಯುತ್ತಾರೆ. ಬರುವುದಿಲ್ಲ ಅಂದರೆ ‘ಅವೇ!’, ಅಂದರೆ ಚೆಂಡನ್ನು ನೀವೇ ದೂರ ಹೊಡೆಯಿರಿ ಅಂತ. ನನ್ನ ದನಿ ಗಂಟಲಲ್ಲೇ ನಿಲ್ಲುತ್ತಿತ್ತು. ಅಳುಕಿನಿಂದ ಅರ್ಧ ಕೂಗಿದ ಒಂದು ದಿನ ನಮ್ಮ ಸೆಂಟರ್ ಬ್ಯಾಕ್‌ಗೆ ಕೇಳಿಸಲಿಲ್ಲ. ಅವಳೂ ಹಾರಿದಳು, ನಾನೂ ಹಾರಿದೆ, ಅವಳ ತಲೆ ನನ್ನ ಕಪಾಲಕ್ಕೆ ಬಡಿಯಿತು. ಎಚ್ಚರ ತಪ್ಪಲಿಲ್ಲ, ಆದರೆ ಸ್ಕೋರ್ ಎಷ್ಟು ಅಂತ ಕೇಳಿದರೆ ಹೇಳಲಾಗಲಿಲ್ಲ. ತಂಡದ ಕಡೆಯವರು ‘ಇನ್ನು ಹತ್ತೇ ನಿಮಿಷ, ಆಡ್ತೀಯಾ?’ ಅಂತ ನನ್ನನ್ನೇ ಕೇಳಿದರು. ನಾನು ಹೂಂ ಅಂದೆ, ಆಡಿಯೂ ಬಿಟ್ಟೆ. ಆ ಪ್ರಶ್ನೆಯನ್ನು ಪೆಟ್ಟು ತಿಂದವಳನ್ನು ಕೇಳಲೇಬಾರದಿತ್ತು. 1999ರ ವಿಶ್ವಕಪ್ ಫೈನಲ್‌ನ ಪೆನಾಲ್ಟಿ ಶೂಟೌಟ್‌ನಲ್ಲಿ ಚೀನಾದ ಲಿಯು ಯಿಂಗ್ ಹೊಡೆತ ತಡೆದು ಅಮೆರಿಕಕ್ಕೆ ಕಪ್ ತಂದುಕೊಟ್ಟ ಬ್ರಿಯಾನಾ ಸ್ಕರಿ ಅವರ ಆಟ ಮುಗಿದದ್ದು 2010ರಲ್ಲಿ, ಕೆಳಮಟ್ಟದ ಚೆಂಡಿಗೆ ಬಾಗಿದಾಗ ಎದುರಾಳಿಯ ಮಂಡಿ ತಲೆಯ ಪಕ್ಕಕ್ಕೆ ಬಡಿದು. ಮತ್ತೆ ಅವರು ಆಡಲಿಲ್ಲ. ತಲೆನೋವು, ಖಿನ್ನತೆಗಳ ಜೊತೆ ವರ್ಷಗಟ್ಟಲೆ ಹೋರಾಡಿದರು. ಅವರ ಕಥೆ ಓದಿದ ಮೇಲೆ ನಾನು ಎರಡು ನಿಯಮ ಮಾಡಿಕೊಂಡೆ: ಗಂಟಲು ಹರಿಯುವಂತೆ ಕೂಗುವುದು, ಮತ್ತು ತಲೆಗೆ ಪೆಟ್ಟಾದರೆ ಯಾರು ಏನೇ ಅಂದರೂ ಹೊರಗೆ ಬರುವುದು. ಮೊದಲನೆಯದಕ್ಕಾಗಿ ಖಾಲಿ ಮೈದಾನದಲ್ಲಿ ಒಬ್ಬಳೇ ನಿಂತು ಕೂಗಿ ಅಭ್ಯಾಸ ಮಾಡಿದ್ದೇನೆ.

ಇಷ್ಟೆಲ್ಲ ಕಲಿತರೂ ಮುಂದಿನ ಮೂರು ಸೀಸನ್ ಬೆಂಚಿನಲ್ಲಿ ಕಳೆದೆ. ಬೇರೆ ಯಾವ ಜಾಗದ ಆಟಗಾರ್ತಿಗೂ ಇಷ್ಟು ಕಾಯುವ ಕಷ್ಟ ಇಲ್ಲ. ಮಿಡ್‌ಫೀಲ್ಡರ್ ಆದರೆ ಕೊನೆಯ ಇಪ್ಪತ್ತು ನಿಮಿಷವಾದರೂ ಇಳಿಸುತ್ತಾರೆ. ಕೀಪರ್ ಜಾಗ ಒಂದೇ. ಅಲ್ಲಿರುವವಳಿಗೆ ಗಾಯ ಆಗಬೇಕು, ಕೆಂಪು ಕಾರ್ಡ್ ಬೀಳಬೇಕು, ಇಲ್ಲವೇ ಆಕೆ ಮೇಲಿಂದ ಮೇಲೆ ತಪ್ಪು ಮಾಡಬೇಕು. ಇದರಲ್ಲಿ ಯಾವುದನ್ನೂ ನಾನು ಬಯಸುವಂತಿರಲಿಲ್ಲ, ಏಕೆಂದರೆ ಆಕೆ ನನ್ನ ಜೊತೆಗಾತಿ. ಪಂದ್ಯದ ದಿನ ಆಕೆಯ ಕೈ ಬೆಚ್ಚಗಾಗಲು ಚೆಂಡು ಹೊಡೆಯುತ್ತಿದ್ದವಳು ನಾನೇ. ಮೊದಲು ಎದೆಯ ನೇರಕ್ಕೆ ಹತ್ತು, ಆಮೇಲೆ ಎಡಕ್ಕೆ ಬಲಕ್ಕೆ ಕೆಳಗಿನವು, ಆಮೇಲೆ ಕ್ರಾಸ್, ಕೊನೆಗೆ ಆಕೆ ಖಂಡಿತ ಹಿಡಿಯುವಂಥ ಒಂದು ಸುಲಭದ ಚೆಂಡು. ಆ ಕೊನೆಯ ಚೆಂಡು ಹಿಡಿದ ಖುಷಿಯಲ್ಲೇ ಆಕೆ ಪಂದ್ಯಕ್ಕೆ ಇಳಿಯಬೇಕು. ಅದನ್ನು ಸರಿಯಾಗಿ ಹೊಡೆದು ಕೊಡುವುದು ನನ್ನ ಕೆಲಸವಾಗಿತ್ತು, ಮತ್ತು ಆ ಕೆಲಸವನ್ನು ನಾನು ಶ್ರದ್ಧೆಯಿಂದ ಮಾಡಿದೆ.

2007ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಅಮೆರಿಕ ತಂಡ ಚೆನ್ನಾಗಿಯೇ ಆಡುತ್ತಿದ್ದ ಹೋಪ್ ಸೋಲೋ ಅವರನ್ನು ಕೂರಿಸಿ ಸ್ಕರಿ ಅವರನ್ನು ಇಳಿಸಿತ್ತು. ಬ್ರೆಜಿಲ್ 4-0ಯಿಂದ ಗೆದ್ದಿತು. ಸೋಲೋ ಬಹಿರಂಗವಾಗಿ ಸಿಡಿದುಬಿದ್ದರು. ಅದು ತಪ್ಪು ಅಂದವರು ಬಹಳ. ಬೆಂಚಿನಲ್ಲಿ ಕೂತು ನಾನು ಆ ಸಿಟ್ಟನ್ನು ಅರ್ಥ ಮಾಡಿಕೊಳ್ಳಬಲ್ಲೆ, ಹಾಗೆಯೇ ವಾರಗಟ್ಟಲೆ ಪಂದ್ಯವಿಲ್ಲದೆ ಒಮ್ಮೆಲೇ ಸೆಮಿಫೈನಲ್‌ಗೆ ಇಳಿದ ಸ್ಕರಿ ಅವರ ಕಾಲುಗಳಿಗೆ ಏನಾಗಿರಬಹುದು ಅಂತಲೂ ಊಹಿಸಬಲ್ಲೆ. ಅಭ್ಯಾಸದಲ್ಲಿ ನೂರು ಚೆಂಡು ಹಿಡಿದರೂ ಪಂದ್ಯದ ಅಳತೆ ಕಣ್ಣಿಗೆ ಬೇರೆ. ಮುಂದೆ ಸೋಲೋ 2011 ಮತ್ತು 2015ರ ವಿಶ್ವಕಪ್‌ಗಳಲ್ಲಿ ಟೂರ್ನಿಯ ಶ್ರೇಷ್ಠ ಕೀಪರ್‌ಗೆ ಕೊಡುವ ಗೋಲ್ಡನ್ ಗ್ಲವ್ ಪಡೆದರು.

ಬೆಂಚಿನಿಂದ ಎದ್ದು ಆಡಲು ಶುರು ಮಾಡಿ ಎರಡು ವರ್ಷ ಆಗಿತ್ತು, 24 ವಯಸ್ಸು, ಒಂದು ಮಾಮೂಲಿ ಅಭ್ಯಾಸದ ಬೆಳಿಗ್ಗೆ. ಬಲಕ್ಕೆ ಎರಡು ಹೆಜ್ಜೆ ಸರಿದು ಎಡಕ್ಕೆ ತಿರುಗಿದೆ. ಪಾದ ನೆಲದಲ್ಲಿ ಉಳಿಯಿತು, ಮಂಡಿ ಒಳಕ್ಕೆ ತಿರುಗಿತು, ಒಳಗಡೆ ಏನೋ ‘ಟಪ್’ ಅಂತು. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಎಸಿಎಲ್, ಮಂಡಿಯೊಳಗಿನ ಮುಖ್ಯ ಲಿಗಮೆಂಟ್, ಹರಿದಿತ್ತು. ಈ ಗಾಯ ಹೆಣ್ಣು ಆಟಗಾರ್ತಿಯರಿಗೆ ಗಂಡಸರಿಗಿಂತ ಕನಿಷ್ಠ ಎರಡು ಪಟ್ಟು ಹೆಚ್ಚು ಆಗುತ್ತದೆ. ಅದಕ್ಕೆ ಶರೀರ ರಚನೆ ಕಾರಣ ಅನ್ನುವವರಿದ್ದಾರೆ. ಗಂಡಸರ ಪಾದಕ್ಕೆ ಮಾಡಿದ ಬೂಟು, ಕಳಪೆ ಮೈದಾನ, ತೊಡೆಯ ಸ್ನಾಯುಗಳಿಗೆ ಚಿಕ್ಕಂದಿನಿಂದ ಸಿಗದ ವ್ಯಾಯಾಮ ಅನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ, ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ನೋಡಿಕೊಳ್ಳುವುದನ್ನು ಆ ಗಾಯಕ್ಕಿಂತ ಮೊದಲು ಯಾರೂ ಕಲಿಸಿರಲಿಲ್ಲ, ಆಮೇಲೆ ಫಿಸಿಯೋ ಕಲಿಸಿದರು.

ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಮಂಡಿಯಲ್ಲಿ ಹೊಸ ಲಿಗಮೆಂಟ್ ಮಾಡಿ ಕೂರಿಸಿದರು. ಮೊದಲ ವಾರದ ಗುರಿ ಒಂದೇ: ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯನ್ನು ಪೂರ್ತಿ ನೆಟ್ಟಗೆ ಮಾಡುವುದು. ತೊಡೆಯ ಸ್ನಾಯುವನ್ನು ಬಿಗಿ ಮಾಡು ಅಂತ ಮೆದುಳು ಹೇಳಿದರೆ ಕಾಲು ಕೇಳುವುದೇ ಇಲ್ಲ. ನನ್ನದೇ ತೊಡೆಯನ್ನು ದಿಟ್ಟಿಸಿ ನೋಡುತ್ತ ಕೂತಿರುತ್ತಿದ್ದೆ. ಐದನೇ ದಿನ ಮಂಡಿಚಿಪ್ಪಿನ ಮೇಲೆ ಒಂದು ಸಣ್ಣ ಗುಳಿ ಬಿದ್ದು ಸ್ನಾಯು ಅಲುಗಿದಾಗ ಫಿಸಿಯೋ, ‘ಬಂತು ನೋಡು!’ ಅಂತ ಕೂಗಿದರು. ಅವತ್ತಿನಷ್ಟು ಸಂತೋಷ ಯಾವ ಪಂದ್ಯ ಗೆದ್ದಾಗಲೂ ಆಗಿಲ್ಲ ಅಂದರೆ ನಂಬುತ್ತೀರೋ ಇಲ್ಲವೋ. ನಾಲ್ಕನೇ ತಿಂಗಳು ನಿಧಾನದ ಓಟ. ಆಮೇಲೆ ಒಂಟಿಕಾಲಿನ ಜಿಗಿತ, ಗಾಯದ ಕಾಲು ಸರಿಯಾದ ಕಾಲಿನ ಶೇಕಡಾ 90ರಷ್ಟಾದರೂ ಜಿಗಿಯುವವರೆಗೆ ಮೈದಾನ ಇಲ್ಲ. ಗೋಲಿಗೆ ಮರಳಿದ್ದು 11ನೇ ತಿಂಗಳಲ್ಲಿ. ಮಂಡಿ ಸಿದ್ಧವಾಗಿತ್ತು, ನಾನು ಆಗಿರಲಿಲ್ಲ. ಗಾಯದ ಕಾಲಿನಿಂದ ಒದ್ದು ಹಾರಬೇಕಾದ ಚೆಂಡುಗಳನ್ನು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದೆ. ಕೋಚ್ ಏನೂ ಅನ್ನಲಿಲ್ಲ. ಒಂದು ದಿನ ಬಂದು, ‘ಮಂಡಿ ಊರಿ ಕೂತ್ಕೋ. ಪಕ್ಕಕ್ಕೆ ಬೀಳು’ ಅಂದರು.

ಆಮೇಲಿನ ನಾಲ್ಕು ಸೀಸನ್ ನನ್ನ ಒಳ್ಳೆಯ ಕಾಲ. ಅದರ ಬಗ್ಗೆ ಹೇಳುವುದು ಕಡಿಮೆ. ಸರಿಯಾಗಿ ನಿಂತ ಕೀಪರ್ ಬಗ್ಗೆ ಯಾರಿಗೂ ಹೆಚ್ಚು ನೆನಪಿರುವುದಿಲ್ಲ. ಕಾಲಿನ ಆಟ ಮಾತ್ರ ಹೊಸದಾಗಿ ಕಲಿಯಬೇಕಾಯಿತು. ಮೊದಲ ಮಹಿಳಾ ವಿಶ್ವಕಪ್ ನಡೆದ 1991ರಲ್ಲಿ ಸ್ವಂತ ಡಿಫೆಂಡರ್ ಹಿಂದಕ್ಕೆ ಒದ್ದುಕೊಟ್ಟ ಚೆಂಡನ್ನೂ ಕೀಪರ್ ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. ಮರುವರ್ಷ ಆ ನಿಯಮ ಬದಲಾಯಿತು. ಈಗ ಕೀಪರ್ ಎಂದರೆ ಹನ್ನೊಂದನೇ ಪಾಸರ್. 2025ರಿಂದ ಚೆಂಡು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್. ನನ್ನ ಕೊನೆಯ ಪಂದ್ಯಗಳಲ್ಲಿ ರೆಫರಿ ಕೈ ಎತ್ತಿ ಬೆರಳು ಮಡಚುತ್ತ ಎಣಿಸುವುದನ್ನು ನೋಡುತ್ತ ಆಡಿದ್ದೇನೆ.

ಪೆನಾಲ್ಟಿ ಬಗ್ಗೆ ಹುಡುಗಿಯರು ಬಹಳ ಕೇಳುತ್ತಾರೆ. ಚೆಂಡು 11 ಮೀಟರ್ ದೂರ, ಗಟ್ಟಿಯಾಗಿ ಹೊಡೆದರೆ ಅರ್ಧ ಸೆಕೆಂಡಿನೊಳಗೆ ಗೆರೆ ದಾಟುತ್ತದೆ. ಹೊಡೆಯುವ ಹೊತ್ತಿಗೆ ಕೀಪರ್‌ನ ಒಂದು ಪಾದವಾದರೂ ಗೆರೆಯ ಮೇಲೆ ಇರಬೇಕು, 2019ರಿಂದ ಇದನ್ನು ಕಟ್ಟುನಿಟ್ಟಾಗಿ ನೋಡುತ್ತಾರೆ. ನೋಡಿ ಹಾರಲು ಸಮಯ ಇಲ್ಲ. ನಾನು ನೋಡುತ್ತಿದ್ದದ್ದು ಅವರ ಕಣ್ಣನ್ನಲ್ಲ, ಚೆಂಡಿನ ಪಕ್ಕ ಊರುವ ಕಾಲನ್ನು ಮತ್ತು ಸೊಂಟವನ್ನು. ಊರಿದ ಪಾದದ ಬೆರಳು ಯಾವ ಕಡೆಗಿದೆಯೋ ಚೆಂಡು ಹೆಚ್ಚಾಗಿ ಆ ಕಡೆ. 2025ರ ಮಹಿಳಾ ಯೂರೋ, ಅಂದರೆ ಯುರೋಪಿನ ದೇಶಗಳ ಟೂರ್ನಿಯ, ಫೈನಲ್‌ನ ಶೂಟೌಟ್‌ನಲ್ಲಿ ಇಂಗ್ಲೆಂಡ್‌ನ ಹನ್ನಾ ಹ್ಯಾಂಪ್ಟನ್ ಸ್ಪೇನ್‌ನ ಎರಡು ಹೊಡೆತ ತಡೆದರು. ಹುಟ್ಟಿನಿಂದಲೇ ಕಣ್ಣಿನ ತೊಂದರೆ ಇದ್ದು, ದೂರವನ್ನು ಅಂದಾಜು ಮಾಡುವುದೇ ಕಷ್ಟವಾಗಿದ್ದ ಹೆಣ್ಣುಮಗಳು ಆಕೆ. ಅದನ್ನು ನೋಡಿ ನಾನು ಕೂತಲ್ಲೇ ಅತ್ತೆ.

ನೋಟ್‌ಬುಕ್ಕಿನ ಒಂದು ಪುಟದ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು. ಒಂದು ಕಪ್ ಟೂರ್ನಿಯ ಸೆಮಿಫೈನಲ್, 84ನೇ ನಿಮಿಷ, 1-1. ಮೈದಾನದ ಮಧ್ಯದಲ್ಲಿ ನಮ್ಮವರು ಚೆಂಡು ಕಳೆದುಕೊಂಡರು. ಎದುರಾಳಿಯ ಹುಡುಗಿ ಚೆಂಡಿನೊಂದಿಗೆ ನೇರ ನನ್ನ ಕಡೆ ಓಡಿಬಂದಳು. ನಾನು ಹೊರಬಂದೆ. ಮನಸ್ಸಿನಲ್ಲಿ ಹಳದಿ ಹಗ್ಗ ಎರಡೂ ಸ್ಪಷ್ಟವಾಗಿ ಕಾಣುತ್ತಿದ್ದವು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಹಗ್ಗಗಳು ಹತ್ತಿರ ಬರುತ್ತಿವೆ, ಇನ್ನೇನು ಎರಡೂ ಕೈಗೆ ಸಿಗುತ್ತವೆ. ಅವಳು ತಲೆ ಎತ್ತಿ ನೋಡಿದಳು. ಆಮೇಲೆ ಚೆಂಡಿನ ಬುಡಕ್ಕೆ ಮೆತ್ತಗೆ ಕಾಲು ಕೊಟ್ಟಳು. ಚೆಂಡು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನನ್ನ ತಲೆಯ ಮೇಲೆ ಹೋಯಿತು. ಹಿಂದಕ್ಕೆ ಓಡುತ್ತ ಅದು ಎರಡು ಸಲ ಪುಟಿದು ಬಲೆಗೆ ಸೇರುವುದನ್ನು ನೋಡಿದೆ. ಎರಡು ಹಗ್ಗ ಅಗಲವನ್ನು ಮುಚ್ಚುತ್ತವೆ, ಎತ್ತರವನ್ನಲ್ಲ. ಮುಂದೆ ಬಂದಷ್ಟೂ ಹಿಂದೆ ಆಕಾಶ ತೆರೆದುಕೊಳ್ಳುತ್ತದೆ. ಇದು ನನಗೆ ಗೊತ್ತಿತ್ತು. ಆ ಕ್ಷಣದಲ್ಲಿ ಹಗ್ಗವನ್ನೇ ನೋಡಿದೆ, ಅವಳು ತಲೆ ಎತ್ತಿದ್ದನ್ನು ನೋಡಿಯೂ ನಿಲ್ಲಲಿಲ್ಲ.

ಗೋಲಾದ ಮೇಲೆ ಚೆಂಡನ್ನು ಬಲೆಯಿಂದ ತೆಗೆಯಬೇಕಾದವಳು ಕೀಪರ್. ಎಲ್ಲರಿಗೂ ಬೆನ್ನು ಮಾಡಿ, ಬಾಗಿ, ಬಲೆಯ ಮೂಲೆಗೆ ಸಿಕ್ಕಿಕೊಂಡ ಚೆಂಡನ್ನು ಬಿಡಿಸಬೇಕು. ನನ್ನ ಕೈ ನಡುಗುತ್ತಿತ್ತು, ಬಲೆಯ ನೂಲು ಗ್ಲೌಸಿನ ಪಟ್ಟಿಗೆ ಸುತ್ತಿಕೊಂಡಿತ್ತು. ಹಿಂದಿನಿಂದ ನಮ್ಮ ಸೆಂಟರ್ ಬ್ಯಾಕ್ ಬಂದಳು, ಅವತ್ತು ನನ್ನ ಕಪಾಲಕ್ಕೆ ತಲೆ ಬಡಿಸಿಕೊಂಡಿದ್ದ ಅದೇ ಹುಡುಗಿ. ಏನೂ ಮಾತಾಡದೆ ನೂಲು ಬಿಡಿಸಿದಳು, ಚೆಂಡು ತೆಗೆದುಕೊಂಡಳು. ‘ಇನ್ನೂ ಆರ್ ನಿಮಿಷ ಇದೆ. ಕೂಗ್ತಾ ಇರು. ನಿನ್ ದನಿ ಕೇಳ್ದಿದ್ರೆ ನಂಗೆ ಕಾಲಾಡಲ್ಲ’ ಅಂದು ಓಡಿಹೋದಳು. ನಾನು ಕೂಗಿದೆ. ಆರು ನಿಮಿಷ, ಅದರ ಮೇಲೆ ಸೇರಿಸಿದ ಮೂರು ನಿಮಿಷ, ನಿಲ್ಲಿಸದೆ ಕೂಗಿದೆ. ಪಂದ್ಯ 2-1ರಲ್ಲೇ ಮುಗಿಯಿತು. ಸೋತೆವು.

ಆ ಸೋಲಿನ ನಂತರ ಬಿಟ್ಟುಬಿಡಬೇಕು ಅನ್ನಿಸಿದ್ದು ನಿಜ. ಆಗ ನೆನಪಾಗುತ್ತಿದ್ದವರು ಇಂಗ್ಲೆಂಡ್‌ನ ಮೇರಿ ಅರ್ಪ್ಸ್. ರಾಷ್ಟ್ರೀಯ ತಂಡದಿಂದ ದೂರ ಉಳಿದು, ಆಟವನ್ನೇ ಬಿಡುವ ಯೋಚನೆಯವರೆಗೆ ಹೋಗಿದ್ದವರು 2022 ಮತ್ತು 2023ರಲ್ಲಿ ಸತತವಾಗಿ ಫಿಫಾದ ಶ್ರೇಷ್ಠ ಮಹಿಳಾ ಗೋಲ್‌ಕೀಪರ್ ಆದರು. 2023ರ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್‌ನ ಹೆನಿ ಎರ್ಮೊಸೊ ಅವರ ಪೆನಾಲ್ಟಿ ತಡೆದು ಹಿಡಿದರು. ಆ ವಿಶ್ವಕಪ್ಪಿಗೆ ತಂಡದ ಉಳಿದವರ ಶರ್ಟುಗಳು ಅಂಗಡಿಗೆ ಬಂದಿದ್ದವು, ಅವರ ಕೀಪರ್ ಶರ್ಟ್ ಮಾತ್ರ ಮಾರಾಟಕ್ಕೇ ಇರಲಿಲ್ಲ. ಅವರು ಅದನ್ನು ಬಾಯಿಬಿಟ್ಟು ಕೇಳಿದರು, ಜನ ಜೊತೆಗೆ ನಿಂತರು, ಆಮೇಲೆ ಮಾರಾಟಕ್ಕೆ ಬಂದಾಗ ಕೂಡಲೇ ಖಾಲಿಯಾಯಿತು. ಒಂದು ಹುಡುಗಿ ಕೀಪರ್ ಶರ್ಟ್ ಬೇಕು ಅಂತ ಹಟ ಮಾಡುತ್ತಾಳೆ ಅನ್ನುವುದನ್ನೇ ಯಾರೂ ಊಹಿಸಿರಲಿಲ್ಲ.

31ಕ್ಕೆ ನಿಲ್ಲಿಸಿದೆ. ದೊಡ್ಡ ಘಟನೆ ಏನೂ ನಡೆಯಲಿಲ್ಲ. ಒಂದು ಸಂಜೆ ಅಭ್ಯಾಸದಲ್ಲಿ ಎಡಕ್ಕೆ ಬಿದ್ದು ಚೆಂಡು ತಳ್ಳಿದೆ, ಎದ್ದು ನಿಲ್ಲುವಷ್ಟರಲ್ಲಿ ಎರಡನೇ ಹೊಡೆತ ಒಳಗೆ ಹೋಗಿತ್ತು. ಮರುದಿನವೂ ಹಾಗೇ ಆಯಿತು. ಬೀಳುವುದು ಮೊದಲಿನಂತೆಯೇ ಇತ್ತು, ಏಳುವುದು ನಿಧಾನವಾಗಿತ್ತು. ಸೀಸನ್ ಮುಗಿಯುವವರೆಗೆ ಆಡಿ, ಕೋಚ್‌ಗೆ ಹೇಳಿ, ಗ್ಲೌಸ್ ತೊಳೆದು ಒಣಗಲು ಹಾಕಿದೆ.

ಈಗ ವಾರಕ್ಕೆ ಮೂರು ದಿನ ಹುಡುಗಿಯರಿಗೆ ಕಲಿಸುತ್ತೇನೆ. ಎಲ್ಲರಿಗಿಂತ ಚಿಕ್ಕವಳಿಗೆ ಹತ್ತು ವರ್ಷ, ಅವಳ ಗ್ಲೌಸ್ ಅವಳ ಕೈಗೆ ಸರಿಯಾಗಿದೆ, ಅದನ್ನು ನಾನೇ ಅಳತೆ ನೋಡಿ ತರಿಸಿದ್ದು. ಹೋದ ವಾರ ಪೋಸ್ಟಿಗೆ ಹಗ್ಗ ಕಟ್ಟಿದೆ. ಗೂಟದ ಪಕ್ಕ ಚೆಂಡಿಟ್ಟುಕೊಂಡು ನಾನು ನಿಂತೆ. ಅವಳು ಗೆರೆಯಿಂದ ಒಂದೊಂದೇ ಹೆಜ್ಜೆ ಮುಂದೆ ಬಂದಳು. ಪ್ರತಿ ಹೆಜ್ಜೆಗೂ ಕೈ ಚಾಚಿ ನೋಡುತ್ತಿದ್ದಳು. ಕೊನೆಗೆ ಎರಡೂ ಹಗ್ಗ ಬೆರಳಿಗೆ ತಾಗಿದಾಗ, ‘ಅಕ್ಕ, ಮುಚ್ಚೋಯ್ತು! ಗೋಲೇ ಇಲ್ಲ!’ ಅಂತ ಕುಣಿದಳು. ನಾನು ಚೆಂಡಿನ ಬುಡಕ್ಕೆ ಮೆತ್ತಗೆ ಕಾಲು ಕೊಟ್ಟೆ. ಅದು ಅವಳ ತಲೆಯ ಮೇಲಿಂದ ಹೋಗಿ ಗೋಲಿನೊಳಗೆ ಬಿತ್ತು.

ಅವಳು ತಿರುಗಿ ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಓಡಿಹೋಗಿ ಬಲೆಯಿಂದ ಚೆಂಡು ತಂದು ನನ್ನ ಕಾಲ ಹತ್ತಿರ ಇಟ್ಟಳು. ವಾಪಸ್ ಹೋಗಿ ಮೊದಲಿನ ಜಾಗದಲ್ಲೇ ನಿಂತಳು. ಹಗ್ಗ ನೋಡಿದಳು, ನನ್ನ ಕಾಲು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಯಾರೂ ಹೇಳದೆಯೇ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಮಂಡಿ ಸ್ವಲ್ಪ ಬಗ್ಗಿಸಿ, ‘ಈಗ ಹೊಡೀರಿ ಅಕ್ಕ’ ಅಂದಳು.